ಅಕ್ಕಿ ಸೊಸೈಟೀಲಿ ಸಿಕ್ತು, ಸಾರಿಗೆ ಬೇಳೆ ಎಲ್ಲಿ?

ತುಮಕೂರಿನ ಮಂಡಿಪೇಟೆಗೆ ಹೊಂದಿಕೊಂಡ ಒಂದು ಬೀದಿ. ತಿಂಗಳ ಇಪ್ಪತ್ತಾರನೇ ತಾರೀಕು, ಸಂಜೆ ಏಳರ ಸಮಯ. ದಿನಸಿ ಅಂಗಡಿ ಮುಂದೆ ನಾಲ್ಕೈದು ಮಂದಿ ನಿಂತಿದ್ದೆವು. ಗಾರ್ಮೆಂಟ್ಸ್ ಬಸ್ಸಿನಿಂದಿಳಿದು ನೇರವಾಗಿ ಬಂದಿದ್ದ ಒಬ್ಬ ಹೆಣ್ಣುಮಗಳು ಸಾಮಾನು ಕಟ್ಟಿಸುತ್ತಿದ್ದರು. ಕೊರಳಲ್ಲಿ ಇನ್ನೂ ಫ್ಯಾಕ್ಟರಿಯ ಗುರುತಿನ ಚೀಟಿ. ಅಂಗಡಿಯವರು ಲೆಕ್ಕ ಹೇಳಿದರು. ಆಕೆ ಪರ್ಸ್ ತೆಗೆದು ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಆಮೇಲೆ ಸಣ್ಣ ದನಿಯಲ್ಲಿ, "ಅಣ್ಣ, ಎಣ್ಣೆ ತೆಗೆದುಬಿಡಿ. ಬೇಳೆ ಕಾಲು ಕೆಜಿ ಸಾಕು" ಎಂದರು.

"ತಗೊಂಡೋಗಮ್ಮ, ಬರ್ಕೊಳ್ತೀನಿ. ಒಂದನೇ ತಾರೀಕು ಕೊಡುವಂತೆ."

"ಬೇಡಣ್ಣ, ಹೋದ ತಿಂಗಳದ್ದೇ ನಿಂತಿದೆ."

ಆಕೆ ಹೊರಟುಹೋದರು. ಎಣ್ಣೆ ಪ್ಯಾಕೆಟ್ಟು ಹಲಗೆಯ ಮೇಲೇ ಉಳಿಯಿತು. ನಿಂತಿದ್ದವರಲ್ಲಿ ಯಾರೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. 'ನಾನು ಕೊಡ್ತೀನಿ' ಅಂತ ನಾಲ್ಕು ಜನರ ಎದುರಿಗೆ ಹೇಳಿದ್ದರೆ ಆ ತಾಯಿ ಮತ್ತೆ ಆ ಅಂಗಡಿ ಮೆಟ್ಟಿಲು ಹತ್ತುತ್ತಿರಲಿಲ್ಲ. ಕೊಡುವ ಮನಸ್ಸು ಅಲ್ಲಿದ್ದವರಿಗೆ ಇರಲಿಲ್ಲ ಅಂತಲ್ಲ. ಕೊಡುವ ದಾರಿ ಇರಲಿಲ್ಲ.

ಇವತ್ತಿನ ಈ ಅಂಕಣ ಆ ದಾರಿಯ ಬಗ್ಗೆ.

ಅಕ್ಕಿ ಇದ್ದರೆ ಊಟವಾಯಿತೇ?

'ನಮ್ಮ ರಾಜ್ಯದಲ್ಲಿ ಹಸಿದವರು ಯಾರಿದ್ದಾರೆ ಸ್ವಾಮಿ, ಅಕ್ಕಿ ಪುಕ್ಕಟೆ ಸಿಗ್ತದಲ್ಲ' ಎಂಬ ಮಾತು ಬಸ್ಸಿನಲ್ಲಿ, ಹೋಟೆಲಿನಲ್ಲಿ ದಿನಾ ಕಿವಿಗೆ ಬೀಳುತ್ತದೆ. ಅಕ್ಕಿ ಸಿಗುವುದು ನಿಜ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾಯಿತು. ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯ್ದೆಯೂ ಬಂತು. ತಲೆಗೆ ತಿಂಗಳಿಗೆ ಐದು ಕೆಜಿ ಧಾನ್ಯ ಕಾನೂನಿನ ಹಕ್ಕಾಯಿತು. 2023ರಲ್ಲಿ ರಾಜ್ಯ ಸರ್ಕಾರ ಇನ್ನೂ ಐದು ಕೆಜಿ ಕೊಡಲು ಹೊರಟು, ಅಕ್ಕಿ ಸಿಗದೆ ಅದರ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2025ರ ಫೆಬ್ರವರಿಯಿಂದ ದುಡ್ಡು ನಿಲ್ಲಿಸಿ ಅಕ್ಕಿಯನ್ನೇ ಕೊಡಲು ತೀರ್ಮಾನಿಸಿತು. ಇದರಿಂದ ಎಷ್ಟೋ ಮನೆಗಳು ಉಳಿದಿವೆ. ಅದನ್ನು ಅಲ್ಲಗಳೆಯುವವನು ಬಡವರ ಅಡುಗೆಮನೆ ನೋಡಿಲ್ಲ.

ಆದರೆ ಅನ್ನವೊಂದನ್ನೇ ಯಾರು ಉಣ್ಣುತ್ತಾರೆ? ಬೇಳೆ ಬೇಕು, ಎಣ್ಣೆ ಬೇಕು, ಹುಣಸೆಹಣ್ಣು, ಮೆಣಸಿನಕಾಯಿ, ಉಪ್ಪು ಬೇಕು. ಮಕ್ಕಳಿಗೆ ಒಂದು ಲೋಟ ಹಾಲು ಬೇಕು. ಮುದ್ದೆ ಉಂಡು ಬೆಳೆದ ಸೀಮೆ ನಮ್ಮದು. ಮುದ್ದೆಗೂ ನೆಂಚಿಕೊಳ್ಳಲು ಸಾರು ಬೇಕೇ ಬೇಕು. ಸೊಸೈಟಿಯ ಅಕ್ಕಿ ಮಾರಿ ಅದೇ ದುಡ್ಡಲ್ಲಿ ಎಣ್ಣೆ ತರುವ ಮನೆಗಳಿವೆ. ಅದು ತಪ್ಪು, ಕಾನೂನಿಗೆ ವಿರುದ್ಧ. ಆದರೆ ಹಾಗೆ ಮಾರಿದ ತಾಯಿಯನ್ನು ಕಳ್ಳಿ ಅನ್ನುವ ಮುಂಚೆ ಆಕೆಯ ಒಗ್ಗರಣೆ ಸೌಟು ಒಣಗಿದ್ದನ್ನೂ ನೋಡಬೇಕು.

ಇದು ಸರ್ಕಾರಕ್ಕೂ ತಿಳಿಯದ ವಿಷಯವಲ್ಲ. ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟವೇ ಒಪ್ಪಿತು. ಅಕ್ಕಿಯೊಂದರಿಂದ ಅಡುಗೆ ಆಗುವುದಿಲ್ಲ ಎಂದು ವಿಧಾನಸೌಧವೇ ಒಪ್ಪಿಕೊಂಡ ಹಾಗಾಯಿತು.

ಹತ್ತು ಸಾವಿರದ ಗೆರೆ

ಇನ್ನು ಕಾರ್ಡಿನ ವಿಷಯ. ವರ್ಷಕ್ಕೆ 1.20 ಲಕ್ಷ ರೂಪಾಯಿ ಆದಾಯ ಮೀರಿದರೆ ಬಿಪಿಎಲ್ ಕಾರ್ಡಿಗೆ ಅರ್ಹರಲ್ಲ ಎಂಬುದು ನಿಯಮ. ಅಂದರೆ ತಿಂಗಳಿಗೆ ಹತ್ತು ಸಾವಿರ. ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿರುವವನು, ನರ್ಸಿಂಗ್ ಹೋಮಿನ ಆಯಾ, ವಸಂತನರಸಾಪುರದ ಕಾರ್ಖಾನೆಗೆ ಗುತ್ತಿಗೆ ಕೂಲಿಗೆ ಹೋಗುವ ಹುಡುಗ, ಇವರು ಹನ್ನೊಂದೋ ಹನ್ನೆರಡೋ ಸಾವಿರ ತಂದರೆ ಕಾಗದದ ಮೇಲೆ ಬಡವರಲ್ಲ! ಮನೆ ಬಾಡಿಗೆ ಕೊಟ್ಟು, ಬಸ್ ಚಾರ್ಜು ಕೊಟ್ಟು, ಸಂಘದ ಸಾಲದ ಕಂತು ಕಟ್ಟಿ, ಮಗುವಿನ ಜ್ವರಕ್ಕೆ ಔಷಧಿ ತಂದ ಮೇಲೆ ಕೈಯಲ್ಲಿ ಉಳಿಯುವುದೆಷ್ಟು?

ಇವರಿಗೆ ಸಾಲಿನಲ್ಲಿ ನಿಂತು ಊಟ ತಿನ್ನುವುದು ಬೇಕಿಲ್ಲ. 2017ರಲ್ಲಿ ಆರಂಭವಾಗಿ ಆಮೇಲೆ ಜಿಲ್ಲೆಗಳಿಗೂ ಬಂದ ಇಂದಿರಾ ಕ್ಯಾಂಟೀನ್ ಒಳ್ಳೆಯದೇ. ಹಮಾಲರಿಗೆ, ಆಸ್ಪತ್ರೆಗೆ ಬಂದ ಹಳ್ಳಿಯವರಿಗೆ, ಓದುವ ಹುಡುಗರಿಗೆ ಅದು ದೊಡ್ಡ ಆಸರೆ. ಆದರೆ ಗಂಡ, ಹೆಂಡತಿ, ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಇರುವ ಸಂಸಾರವನ್ನು ಮೂರು ಹೊತ್ತೂ ಕ್ಯಾಂಟೀನಿಗೆ ಕರೆದೊಯ್ಯಲಾಗುತ್ತದೆಯೇ? ಶಾಲೆಯಲ್ಲಿ ಬಿಸಿಯೂಟ ಇದೆ ಸರಿ, ಭಾನುವಾರ? ಮನೆಯ ಒಲೆ ಮನೆಯಲ್ಲೇ ಉರಿಯಬೇಕು. ಅದಕ್ಕೆ ಬೇಕಾದದ್ದು ದಿನಸಿ. ಅದೂ ತಿಂಗಳಿಡೀ ಅಲ್ಲ, ಬಹಳಷ್ಟು ಮನೆಗಳಲ್ಲಿ ಕೊನೆಯ ಒಂದು ವಾರಕ್ಕೆ.

ಹಳೇ ಸಾಲದ ಪುಸ್ತಕ

ಹಿಂದೆ ಈ ಕೊನೆಯ ವಾರವನ್ನು ದಾಟಿಸುತ್ತಿದ್ದದ್ದು ಬೀದಿ ಅಂಗಡಿಯ ಸಾಲದ ಪುಸ್ತಕ. ನಾನು ಹುಡುಗನಾಗಿದ್ದಾಗ ನಮ್ಮಮ್ಮ ಕೈಗೆ ಚೀಟಿ ಕೊಟ್ಟು, 'ಬರ್ಕೊಳ್ಳೋಕೆ ಹೇಳು' ಅಂತ ಕಳಿಸುತ್ತಿದ್ದರು. ಹಾಗೆ ಹೇಳಲು ನನಗೆ ನಾಚಿಕೆ. ಅಂಗಡಿಯವರು ಮುಖ ಎತ್ತದೆ ಬರೆದುಕೊಂಡು, ಕೈಗೆ ನಾಲ್ಕು ಕಡ್ಲೆಬೀಜ ಹಾಕಿ ಕಳಿಸುತ್ತಿದ್ದರು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟ ವರ್ಷ ಆ ಪುಸ್ತಕದಲ್ಲಿ ನಮ್ಮ ಮನೆಯ ಪುಟ ಎರಡಾಗಿತ್ತು. ಅವರು ಒಂದು ದಿನವೂ ಬೀದಿಯಲ್ಲಿ ನಿಲ್ಲಿಸಿ ಕೇಳಲಿಲ್ಲ.

ಆ ಪುಸ್ತಕ ಈಗ ತೆಳ್ಳಗಾಗಿದೆ. ಕಾರಣ ಅಂಗಡಿಯವರು ಕೆಟ್ಟವರಾದರು ಅಂತಲ್ಲ. ಕೈಯಲ್ಲಿ ಕಾಸಿದ್ದ ಗಿರಾಕಿ ಸೂಪರ್ ಮಾರ್ಕೆಟ್ಟಿಗೆ ಹೋದ, ಇಲ್ಲವೇ ಮೊಬೈಲಿನಲ್ಲೇ ತರಿಸಿಕೊಂಡ. ಕಾಸಿಲ್ಲದಾಗ ಮಾತ್ರ ಬೀದಿ ಅಂಗಡಿ ನೆನಪಾಗುತ್ತದೆ. ಮಂಡಿಯಲ್ಲಿ ಸಗಟು ವ್ಯಾಪಾರಿ ಸಣ್ಣ ಅಂಗಡಿಗೆ ಕೊಡುವ ಗಡುವೂ ಕಡಿಮೆಯಾಗಿದೆ. 'ನಾಲ್ಕು ಮನೆ ಖಾಲಿ ಮಾಡ್ಕೊಂಡು ಹೋದ್ರು, ನನ್ನ ಬಾಕಿ ಯಾರು ಕೊಡ್ತಾರೆ?' ಎಂದು ಅಂಗಡಿಯವರೊಬ್ಬರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಇಡೀ ಬೀದಿಯ ಬಡತನವನ್ನು ಒಬ್ಬ ಅಂಗಡಿಯವನ ತಲೆಗೆ ಕಟ್ಟಬಾರದು. ಬೀದಿಯವರೆಲ್ಲ ಸೇರಿ ಹೊರಬೇಕು.

ಹಾಗೆ ಹೊತ್ತ ಊರುಗಳಿವೆ. ಎರಡು ಕಥೆ ಹೇಳುತ್ತೇನೆ.

ಫೀನಿಕ್ಸ್ ಮತ್ತು ಮನಿಲಾ

ಮೊದಲನೆಯದು ಅಮೆರಿಕದ್ದು. ಅರಿಜೋನಾದ ಫೀನಿಕ್ಸ್ ನಗರದಲ್ಲಿ ಜಾನ್ ವಾನ್ ಹೆಂಗೆಲ್ ಎಂಬಾತ ಬಡವರಿಗೆ ಊಟ ಹಾಕುವ ಕಡೆ ಸೇವೆ ಮಾಡುತ್ತಿದ್ದರು. ಹತ್ತು ಮಕ್ಕಳ ತಾಯಿಯೊಬ್ಬಳು ದಿನಸಿ ಅಂಗಡಿಯ ಹಿಂದಿನ ಕಸದ ಡಬ್ಬದಿಂದ ತಿನ್ನಲು ಬರುವ ಪದಾರ್ಥ ಆರಿಸಿಕೊಳ್ಳುತ್ತಿದ್ದಳು. ದುಡ್ಡಿಗೆ ಬ್ಯಾಂಕ್ ಇರುವ ಹಾಗೆ ಆಹಾರಕ್ಕೂ ಒಂದು ಇರಬೇಕು ಅಂತ ಆಕೆಯೇ ಹೇಳಿದಳಂತೆ. 1967ರಲ್ಲಿ ಸೇಂಟ್ ಮೇರಿಸ್ ಫುಡ್ ಬ್ಯಾಂಕ್ ಹುಟ್ಟಿತು. ಅಂಗಡಿಗಳು ಎಸೆಯುತ್ತಿದ್ದ ಚೆನ್ನಾಗಿರುವ ಸಾಮಾನನ್ನು ಕೂಡಿಟ್ಟು ಹಂಚುವುದು ಅದರ ಕೆಲಸ. ಜಗತ್ತಿನ ಮೊದಲ ಫುಡ್ ಬ್ಯಾಂಕ್ ಅಂತ ಅದನ್ನೇ ಹೇಳುತ್ತಾರೆ.

ಎರಡನೆಯದು ನಮ್ಮಂಥದೇ ಬಡ ದೇಶ ಫಿಲಿಪ್ಪೀನ್ಸಿನದು. 2021ರ ಏಪ್ರಿಲ್, ಕೊರೋನಾ ಕಾಲ. ಮನಿಲಾಕ್ಕೆ ಹೊಂದಿಕೊಂಡ ಕೆಜೋನ್ ನಗರದ ಮಗಿನ್ಹಾವಾ ಎಂಬ ಬೀದಿಯಲ್ಲಿ ಆನಾ ಪೆಟ್ರೀಶಿಯಾ ನಾನ್ ಎಂಬ ಇಪ್ಪತ್ತಾರರ ಹೆಣ್ಣುಮಗಳು ಒಂದು ಬಿದಿರಿನ ಗಾಡಿ ನಿಲ್ಲಿಸಿ, ಅದರಲ್ಲಿ ಅಕ್ಕಿ, ತರಕಾರಿ, ಡಬ್ಬಿ ಪದಾರ್ಥ ಇಟ್ಟಳು. ಶಕ್ತಿಯಿದ್ದಷ್ಟು ಕೊಡಿ, ಬೇಕಾದಷ್ಟೇ ತಗೊಳ್ಳಿ ಎಂಬ ಅರ್ಥದ ಒಂದು ರಟ್ಟಿನ ಬೋರ್ಡು, ಅಷ್ಟೇ. ಅರ್ಜಿ ಇಲ್ಲ, ಕಾರ್ಡು ಇಲ್ಲ, ವಿಚಾರಣೆ ಇಲ್ಲ. 'ಎಲ್ಲಾ ದೋಚ್ಕೊಂಡು ಹೋಗ್ತಾರೆ' ಅಂದವರೇ ಹೆಚ್ಚು. ಆದದ್ದು ಬೇರೆ. ರೈತರು ಗೆಣಸು ತಂದು ಸುರಿದರು, ಬೆಸ್ತರು ಮೀನು ಕೊಟ್ಟರು. ಕೆಲವೇ ದಿನದಲ್ಲಿ ದೇಶದ ತುಂಬ ನೂರಾರು ಗಾಡಿಗಳು ಎದ್ದವು. ಪೊಲೀಸರ ಕಡೆಯಿಂದ 'ಇವಳು ಕಮ್ಯುನಿಸ್ಟ್' ಎಂಬ ಅಪವಾದ ಬಂದು ಆಕೆ ಒಂದು ದಿನ ನಿಲ್ಲಿಸಿದ್ದೂ ಉಂಟು, ಮತ್ತೆ ಶುರು ಮಾಡಿದ್ದೂ ಉಂಟು.

ಅದೇ ತಿಂಗಳು ಇನ್ನೊಂದು ಘಟನೆ ನಡೆಯಿತು. ಹೆಸರಾಂತ ನಟಿಯೊಬ್ಬಳು ತನ್ನ ಹುಟ್ಟುಹಬ್ಬಕ್ಕೆ ಅಂಥದೇ ಪ್ಯಾಂಟ್ರಿ ಇಡುತ್ತೇನೆಂದು ಸಾರಿದಳು. ಜನಸಾಗರ ಸೇರಿತು. ಸಾಲಿನಲ್ಲಿ ನಿಂತಿದ್ದ 67 ವರ್ಷದ ವೃದ್ಧರೊಬ್ಬರು ಕುಸಿದುಬಿದ್ದು ತೀರಿಕೊಂಡರು. ಆಕೆ ಕ್ಷಮೆ ಕೇಳಿದಳು. ಆಕೆಯ ಮನಸ್ಸು ಕೆಟ್ಟದ್ದಲ್ಲ. ಆದರೆ ಬೀದಿಗೊಂದು ಚಿಕ್ಕ ಗಾಡಿ ಇದ್ದಾಗ ನೆರೆಹೊರೆ ಇತ್ತು. ಊರಿಗೊಂದು ದೊಡ್ಡ ಪ್ರಚಾರ ಆದಾಗ ನೂಕುನುಗ್ಗಲಾಯಿತು. ಈ ಕೆಲಸ ಚಿಕ್ಕದಾಗಿರಬೇಕು, ಸದ್ದಿಲ್ಲದೆ ನಡೆಯಬೇಕು. ಇದು ಮನಿಲಾ ಕಲಿಸಿದ ಪಾಠ.

ನಮ್ಮಲ್ಲಿ 2020ರ ಲಾಕ್‌ಡೌನಿನಲ್ಲಿ ಏನಾಯಿತು ಜ್ಞಾಪಿಸಿಕೊಳ್ಳಿ. ದಿನಸಿ ಕಿಟ್ ಹಂಚಿದವರು ಎಷ್ಟೋ ಮಂದಿ. ಅವರ ಉಪಕಾರ ದೊಡ್ಡದು. ಆದರೆ ಚೀಲದ ಮೇಲೆ ಮುಖಂಡರ ಭಾವಚಿತ್ರ, ಕೊಡುವಾಗ ಆರು ಕೈ ಒಂದೇ ಚೀಲ ಹಿಡಿದು ಫೋಟೋ! ತಗೊಂಡವರು ಮಾತ್ರ ತಲೆ ತಗ್ಗಿಸಿ ನಿಂತಿದ್ದರು. ಎರಡು ಕೆಜಿ ಗೋಧಿಹಿಟ್ಟಿಗೆ ಮನುಷ್ಯನ ಮಾನ ಬೆಲೆಯೇ?

ಆಯ್ದಕ್ಕಿ ಲಕ್ಕಮ್ಮ ಹೇಳಿದ್ದು

ನಿಜ ಹೇಳಬೇಕೆಂದರೆ ಇದನ್ನು ಕಲಿಯಲು ನಾವು ಮನಿಲಾಕ್ಕೆ ಹೋಗಬೇಕಿಲ್ಲ. ಎಂಟು ನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿ ಇದ್ದರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ತಾವು ಉಂಡು, ಬಂದವರಿಗೂ ಇಕ್ಕುತ್ತಿದ್ದರು. ಒಂದು ದಿನ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ತಂದ. ಲಕ್ಕಮ್ಮ ಒಪ್ಪಲಿಲ್ಲ. ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ತೆಗೆದುಕೊಳ್ಳುವವರಿಗೆ ಅಳತೆ ಗೊತ್ತಿರುವುದಿಲ್ಲ ಎನ್ನುವವರು ಈ ಲಕ್ಕಮ್ಮನನ್ನು ನೆನೆಯಬೇಕು. ತೆಗೆದುಕೊಂಡವರೇ ಕೊಡುವವರೂ ಆಗಿದ್ದರು ಎಂಬುದನ್ನೂ ಮರೆಯಬಾರದು.

ಇನ್ನು ನಮ್ಮ ಊರಿನದೇ ಸಿದ್ಧಗಂಗೆ ಇದೆ. 2019ರ ಜನವರಿಯಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಿಂದ ಸಾವಿರಾರು ಮಕ್ಕಳ ದಾಸೋಹ ನಡೆದುಬಂದಿದೆ. ಆ ಕಣಜಕ್ಕೆ ಭಕ್ತರು ಹಳ್ಳಿಹಳ್ಳಿಯಿಂದ ರಾಗಿ, ಅಕ್ಕಿ, ಕಾಳು, ತೆಂಗಿನಕಾಯಿ ತಂದು ತುಂಬಿದರು. ಯಾವ ಮೂಟೆ ಯಾರದು ಅಂತ ಊಟಕ್ಕೆ ಕೂತ ಮಗುವಿಗೆ ತಿಳಿಯುವುದಿಲ್ಲ. ಅದೇ ಅದರ ದೊಡ್ಡತನ. ಆದರೆ ಕ್ಯಾತ್ಸಂದ್ರದಾಚೆಯ ಬೆಟ್ಟದಲ್ಲಿ ಇಷ್ಟು ದೊಡ್ಡ ದಾಸೋಹ ಇರುವ ಊರಿನ ಬೀದಿಗಳಲ್ಲಿ ಎಣ್ಣೆ ಪ್ಯಾಕೆಟ್ಟು ಹಲಗೆ ಮೇಲೆ ಬಿಟ್ಟುಹೋಗುವವರು ಇದ್ದಾರಲ್ಲ, ಅದಕ್ಕೇನು ಹೇಳೋಣ?

ಒಂದು ಕಪಾಟು, ಒಂದು ಡಬ್ಬ

ಈಗ ನನ್ನ ಸಲಹೆ. ಇದಕ್ಕೆ ಕಟ್ಟಡ ಬೇಡ, ಉದ್ಘಾಟನೆ ಬೇಡ, ಸಮಿತಿ ಬೇಡ. ದಿನಸಿ ಅಂಗಡಿಯೇ ಸರಿಯಾದ ಜಾಗ. ಯಾರ ಮನೆಯಲ್ಲಿ ಯಾವ ತಾರೀಕಿಗೆ ಎಣ್ಣೆ ಮುಗಿಯುತ್ತದೆ, ಯಾರು ಸೋಪು ಬಿಟ್ಟು ಟೀಪುಡಿ ಮಾತ್ರ ಒಯ್ಯುತ್ತಾರೆ ಅನ್ನುವುದು ತಹಸೀಲ್ದಾರರಿಗೆ ಗೊತ್ತಿಲ್ಲ, ಅಂಗಡಿಯವರಿಗೆ ಗೊತ್ತು.

ಕೊಡುವ ವಿಧಾನ ಹೀಗೆ. ಗಿರಾಕಿ ತನ್ನ ಸಾಮಾನಿನ ಜೊತೆ ಒಂದು ಪ್ಯಾಕೆಟ್ ಉಪ್ಪೋ, ಅರ್ಧ ಕೆಜಿ ಬೇಳೆಯೋ ಹೆಚ್ಚಿಗೆ ಕೊಂಡು ಅಂಗಡಿಯ ಕಪಾಟಿನಲ್ಲೇ ಬಿಡಲಿ. ಆಗದವರು ಚಿಲ್ಲರೆ ಹಾಕಲಿ. 'ಚಿಲ್ಲರೆ ಇಲ್ಲ, ಚಾಕಲೇಟ್ ತಗೊಳ್ಳಿ' ಅಂತ ಎಷ್ಟು ವರ್ಷ ನಮ್ಮ ಕೈಗೆ ಚಾಕಲೇಟ್ ಹಾಕಿದಿರಿ ಸ್ವಾಮಿ! ಆ ಎರಡು ರೂಪಾಯಿ ಒಂದು ಡಬ್ಬಕ್ಕೆ ಬೀಳಲಿ. ಒಂದು ಅಂಗಡಿಗೆ ನೂರು ಖಾಯಂ ಗಿರಾಕಿಗಳು ತಿಂಗಳಿಗೆ ಹತ್ತೇ ರೂಪಾಯಿ ಹಾಕಿದರೆ ಸಾವಿರವಾಯಿತು. ಎರಡು ಮೂರು ಮನೆಗೆ ಒಂದೊಂದು ಕೆಜಿ ಬೇಳೆ, ಒಂದೊಂದು ಲೀಟರ್ ಎಣ್ಣೆ ಬರುತ್ತದೆ. ಸಣ್ಣದು ಅನ್ನಬೇಡಿ. ಕೊನೆಯ ವಾರಕ್ಕೆ ಅದು ದೊಡ್ಡದು.

ತಗೊಳ್ಳುವ ವಿಧಾನ ಇನ್ನೂ ಮುಖ್ಯ. ಕಪಾಟಿನ ಸಾಮಾನಿಗೆ ಬೇರೆ ಬಣ್ಣದ ಚೀಲ ಬೇಡ, ಗುರುತು ಬೇಡ. ಎಲ್ಲರ ಹಾಗೆ ಅವರೂ ಕೇಳಲಿ, ಎಲ್ಲರ ಹಾಗೆ ಕಟ್ಟಿಕೊಡಲಿ. ದುಡ್ಡು ಎಲ್ಲಿಂದ ಬಂತು ಎಂಬುದು ಅಂಗಡಿಯವರಿಗೆ ಮಾತ್ರ ಗೊತ್ತಿದ್ದರೆ ಸಾಕು. ಏನು ಬೇಕು ಅನ್ನುವುದನ್ನೂ ಅವರೇ ಆರಿಸಲಿ. ಸಕ್ಕರೆ ಕಾಯಿಲೆ ಇರುವ ಮನೆಗೆ ಸಕ್ಕರೆ ಕೊಟ್ಟೇನು ಪ್ರಯೋಜನ? ಕೈಗೂಸು ಇರುವ ಮನೆಗೆ ರಾಗಿ ಬೇಕಿರಬಹುದು. ಕೈ ಸರಿಹೋದ ತಿಂಗಳು ಅವರೂ ಒಂದು ಪ್ಯಾಕೆಟ್ ಇಟ್ಟುಹೋಗುತ್ತಾರೆ, ನೋಡುತ್ತಿರಿ.

ಕೆಲವು ಕಟ್ಟುನಿಟ್ಟು ಇರಬೇಕು. ಮನೆಯಲ್ಲಿ ನುಸಿ ಹತ್ತಿದ ಅಕ್ಕಿ, ತಾರೀಕು ಮುಗಿದ ಸಾರಿನಪುಡಿ ತಂದು ಪುಣ್ಯ ಕಟ್ಟಿಕೊಳ್ಳುವ ಜಾಣರಿದ್ದಾರೆ. ಅವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಎಣ್ಣೆ, ಬೇಳೆ ಸೀಲು ಒಡೆಯದ ಪ್ಯಾಕೆಟ್ಟೇ ಆಗಿರಲಿ. ಮೊದಲು ಬಂದದ್ದು ಮೊದಲು ಹೋಗಲಿ. ಡಬ್ಬಕ್ಕೆ ಬಂದದ್ದು ಎಷ್ಟು, ಹೋದದ್ದು ಎಷ್ಟು ಅಂತ ತಿಂಗಳಿಗೊಮ್ಮೆ ಅಂಗಡಿ ಗೋಡೆಗೆ ಅಂಟಿಸಲಿ. ಲೆಕ್ಕ ಬರೆಯಿರಿ, ಪಡೆದವರ ಹೆಸರು ಬರೆಯಬೇಡಿ.

'ಇದೆಲ್ಲಾ ಆಗೋ ಮಾತಾ?'

ಈ ಸಲಹೆಯನ್ನು ಮೂರ್ನಾಲ್ಕು ಅಂಗಡಿಗಳಲ್ಲಿ ಹೇಳಿ ನೋಡಿದೆ. ಬಂದ ಉತ್ತರಗಳನ್ನು ಮುಚ್ಚಿಡುವುದಿಲ್ಲ.

ಒಬ್ಬರು, 'ಕುಡುಕರು ಬಂದು ತಗೊಂಡು ಹೋಗಿ ಮಾರ್ಕೊಳ್ತಾರೆ' ಅಂದರು. ಮಾರಿಕೊಳ್ಳಬಹುದು. ಹತ್ತರಲ್ಲಿ ಒಬ್ಬ ಹಾಗೆ ಮಾಡಿದರೆ ಒಂದು ಪ್ಯಾಕೆಟ್ ಹೋಯಿತು. ಅವನಿಗೆ ಹೆದರಿ ಒಂಬತ್ತು ಮನೆಯ ಒಲೆ ಆರಿಸುವುದು ಯಾವ ಲೆಕ್ಕ? ಅಲ್ಲದೆ ಬೀದಿಯ ಕುಡುಕ ಯಾರು ಅಂತ ಅಂಗಡಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇನ್ನೊಬ್ಬರು, 'ನಾಳೆ ಎಲ್ಲರೂ ಪುಕ್ಕಟೆಗೇ ನಿಂತರೆ ನನ್ನ ವ್ಯಾಪಾರದ ಗತಿ?' ಅಂದರು. ಕಪಾಟಿನ ಸಾಮಾನು ನಿಮ್ಮ ಅಂಗಡಿಯಲ್ಲೇ ಕೊಂಡದ್ದಲ್ಲವೇ? ನಿಮಗೆ ನಷ್ಟವೆಲ್ಲಿ? ಸೂಪರ್ ಮಾರ್ಕೆಟ್ಟಿಗೆ ಹೋದ ಗಿರಾಕಿ, 'ಆ ಅಂಗಡೀಲಿ ಕಪಾಟಿದೆ' ಎಂದು ವಾಪಸ್ ಬಂದರೂ ಬಂದಾನು. ಸಾಲ ಕೇಳಲು ನಾಚಿ ದೂರ ಉಳಿದಿದ್ದ ಗಿರಾಕಿಯೂ ಬಂದಾಳು.

ಮೂರನೆಯವರ ಮಾತು ನನ್ನನ್ನು ತಡೆದು ನಿಲ್ಲಿಸಿತು. 'ನಾವೇ ಎಲ್ಲಾ ಮಾಡಿದ್ರೆ ಸರ್ಕಾರ ಇರೋದು ಯಾಕೆ?' ಸರಿಯಾದ ಪ್ರಶ್ನೆ. ಇಂಗ್ಲೆಂಡಿನಲ್ಲಿ ಟ್ರಸಲ್ ಟ್ರಸ್ಟ್ ಎಂಬ ಸಂಸ್ಥೆ 2000ದಲ್ಲಿ ಸಾಲ್ಸ್‌ಬರಿ ಎಂಬ ಊರಲ್ಲಿ ಒಂದು ಫುಡ್ ಬ್ಯಾಂಕ್ ತೆರೆಯಿತು. ಈಗ ಆ ದೇಶದಲ್ಲಿ ಅದರ ಕೇಂದ್ರಗಳು ಸಾವಿರ ದಾಟಿವೆ. ನಮ್ಮನ್ನು ಆಳಿದ ಶ್ರೀಮಂತ ದೇಶದ ಗತಿ ಇದು. ದಾನ ಖಾಯಂ ಆದರೆ ಆಳುವವರು ಮೈಮರೆಯುತ್ತಾರೆ. ಆದ್ದರಿಂದ ಕಪಾಟು ಇಟ್ಟವರು ಬಾಯಿ ಮುಚ್ಚಿಕೊಂಡಿರಬಾರದು. ಹತ್ತು ಸಾವಿರದ ಗೆರೆ ಎಲ್ಲಿಂದ ಬಂತು ಎಂದು ಶಾಸಕರನ್ನು ಕೇಳಬೇಕು. ಬೆರಳಚ್ಚು ಹೊಂದಲಿಲ್ಲ ಅಂತ ಅಜ್ಜಿಯನ್ನು ಬರಿಗೈಲಿ ಕಳಿಸುವ ನ್ಯಾಯಬೆಲೆ ಅಂಗಡಿಯ ಬಗ್ಗೆ ಆಹಾರ ಇಲಾಖೆಗೆ ಬರೆಯಬೇಕು. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಂಬಳ ಯಾಕೆ ಇಪ್ಪತ್ತಾರಕ್ಕೇ ಮುಗಿಯುತ್ತದೆ ಅಂತ ಕೇಳಬೇಕು. ಕಪಾಟು ಹಕ್ಕಿನ ಬದಲಿಗಲ್ಲ. ಹಕ್ಕು ಸಿಗುವ ತನಕ ಅಡುಗೆ ನಿಲ್ಲದಿರಲಿ ಅಂತ.

ಬಸ್ಸಿನವರಿಗೂ ಒಂದು ಮಾತು

ಈ ಪತ್ರಿಕೆಯನ್ನು ಬಸ್ಸಿನಲ್ಲಿ ಕೂತು ಓದುವವರೇ ಹೆಚ್ಚು. ಗುಬ್ಬಿ ಗೇಟಲ್ಲೋ, ಶಿರಾ ಗೇಟಲ್ಲೋ, ಬಟವಾಡಿಯಲ್ಲೋ ಇಳಿದು ಮನೆಗೆ ಹೋಗುವ ಮುಂಚೆ ಅಂಗಡಿ ಹೊಕ್ಕೇ ಹೊಗುತ್ತೀರಿ. ನಿಮ್ಮ ಅಂಗಡಿಯವರನ್ನು ಒಂದು ಮಾತು ಕೇಳಿ: 'ಯಜಮಾನ್ರೇ, ಯಾರಿಗಾದ್ರೂ ಬೇಕಾದ್ರೆ ಇರಲಿ, ಇದೊಂದು ಬೇಳೆ ಪ್ಯಾಕೆಟ್ ಇಟ್ಕೊಳ್ತೀರಾ?' ಬೇಡ ಎನ್ನುವವರು ಕಡಿಮೆ ಅಂತ ನನ್ನ ನಂಬಿಕೆ. ಊರಿನ ವರ್ತಕರ ಸಂಘದವರು ಮನಸ್ಸು ಮಾಡಿದರೆ ಮಂಡಿಪೇಟೆಯಿಂದಲೇ ಆರಂಭಿಸಬಹುದು. ಸಗಟು ಮಳಿಗೆಯಲ್ಲಿ ಮೂಟೆ ಹರಿದು ಚೆಲ್ಲಿದ, ಡಬ್ಬ ನೆಗ್ಗಿದರೂ ಒಳಗೆ ಚೆನ್ನಾಗಿರುವ ಮಾಲು ಎಷ್ಟಿಲ್ಲ? ಆದರೆ ದಯವಿಟ್ಟು ಬ್ಯಾನರ್ ಕಟ್ಟಬೇಡಿ. ಮಂತ್ರಿಗಳನ್ನು ಕರೆಯಬೇಡಿ. ನಮ್ಮ ಪತ್ರಿಕೆಗೂ ಫೋಟೋ ಕಳಿಸಬೇಡಿ, ಹಾಕುವುದಿಲ್ಲ.

ಅವತ್ತು ಹಲಗೆ ಮೇಲೆ ಉಳಿದ ಎಣ್ಣೆ ಪ್ಯಾಕೆಟ್ಟಿನ ಕಥೆ ಹೇಳಿ ಮುಗಿಸುತ್ತೇನೆ. ಆ ಹೆಣ್ಣುಮಗಳು ಹೋದ ಮೇಲೆ ಅಂಗಡಿಯವರು ಅದನ್ನು ವಾಪಸ್ ಮೇಲಕ್ಕೆ ಇಡಲಿಲ್ಲ, ಗಲ್ಲಾಪೆಟ್ಟಿಗೆ ಕೆಳಗೆ ತೆಗೆದಿಟ್ಟರು. 'ನಾಳೆ ಅವರ ಮಗ ಪೆನ್ಸಿಲಿಗೆ ಬರ್ತಾನೆ. ಅಮ್ಮ ಮರೆತುಹೋಗಿದ್ರು ಅಂತ ಅವನ ಕೈಲಿ ಕಳಿಸ್ತೀನಿ' ಅಂದರು. ಆಗ ನಾನು ಅದರ ಹಣ ಕೊಟ್ಟೆ. ಪಕ್ಕದಲ್ಲಿದ್ದ ಆಟೋದವರು, 'ಬೇಳೆದು ನನ್ನದು' ಅಂದರು. ಐದು ನಿಮಿಷವೂ ಆಗಲಿಲ್ಲ.

ಬರುವ ತಿಂಗಳೂ ಇಪ್ಪತ್ತಾರನೇ ತಾರೀಕು ಬರುತ್ತದೆ. ನಿಮ್ಮ ಬೀದಿಯ ಅಂಗಡಿಯಲ್ಲಿ ಏನು ಏರ್ಪಾಡು ಮಾಡಿದ್ದೀರಿ? ಏನಂತೀರಿ?